ಮೂರು ಅಂಕಣದ ಕತ್ತಲೆ

ಐದನೆಯ ಸಲವೂ ಗೋಡೆ ಅದೇ ಜಾಗದಲ್ಲಿ ಕತ್ತಲಾಗಿತ್ತು.

ತಿಕೋಟಾದ ಹೊರಗೆ ಪರಮೇಶ್ವರ ಸಾವಕಾರರ ಮಂಗಲ ಕಾರ್ಯಾಲಯವಿದೆ. ಅದರ ಬಲಗಡೆಯ ಕಂಪೌಂಡ್ ಗೋಡೆ ಏಳು ಅಂಕಣ ಉದ್ದ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಅಷ್ಟೂ ಅಂಕಣಗಳಿಗೆ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳು. ವಿಜಯಪುರದಿಂದ ಬರುವ ಬಸ್ಸಿನವರಿಗೆ ಹೊಲದಾಚೆಯಿಂದಲೇ ಕಾಣಬೇಕು ಎಂದು ಸಾವಕಾರರ ಹಟ. ಸಂಜೆ ಏಳಕ್ಕೆ ಮೊದಲ ಮೂರು ಅಂಕಣ ಝಗ್ಗನೆ ಹೊತ್ತಿದವು. ಮುಂದಿನ ಮೂರು ಕಗ್ಗತ್ತಲು. ಕೊನೆಯದು ಮತ್ತೆ ಝಗಝಗ. ನಕ್ಕವರ ಬಾಯಲ್ಲಿ ಹಲ್ಲು ಉದುರಿದ ಹಾಗೆ ಕಾಣುತ್ತಿತ್ತು.

ದೀಪ ಕಟ್ಟಿದವನು ಯುನುಸ. ಸೊಲ್ಲಾಪುರ ರಸ್ತೆಯಲ್ಲಿ ಅವನು ಅಂಗಡಿ ಇಟ್ಟು ಒಂದು ವರ್ಷ; ಇದು ಅವನ ಮೊದಲ ದೊಡ್ಡ ಕೆಲಸ. ಅವನ ಅಂಗಡಿಯಲ್ಲಿ ಕಂಟ್ರೋಲರ್ ಪೆಟ್ಟಿಗೆಗಳನ್ನು ಹೊಂದಿಸುವವಳು ನಾನು, ಯಶೋಧರಾ. ಪೆಟ್ಟಿಗೆಯ ಯಾವ ಔಟ್‌ಪುಟ್‌ಗೆ ಎಷ್ಟು ದೀಪ, ಎಲ್ಲಿಂದ ಎಲ್ಲಿಯವರೆಗೆ ಎಷ್ಟು ಬೆಳಕು, ಎಲ್ಲವನ್ನೂ ಮೊಬೈಲಿನಲ್ಲಿ ಅಂಕಿ ಹಾಕಿ ಹೇಳಬೇಕು. ಹೇಳಿದಷ್ಟನ್ನೇ ಅದು ಕೇಳುತ್ತದೆ. ಮನೆಯಲ್ಲಿ ನನ್ನ ಮಾತು ಯಾರೂ ಅಷ್ಟು ಕೇಳುವುದಿಲ್ಲ.

ಆ ಸಂಜೆ ಸಾವಕಾರರು ಕಡ್ಡಿ ಮುರಿದಂತೆ ಹೇಳಿದರು. ಮದುವೆಯ ದಿನಗಳು ಬಂದವು, ನಾಳೆ ಒಂದು ಮದುವೆಯ ಬೀಗರು ಕಾರ್ಯಾಲಯ ನೋಡಲು ಬರುತ್ತಾರೆ. ಅಷ್ಟರೊಳಗೆ ಸರಿಯಾಗದಿದ್ದರೆ ಎಲ್ಲವನ್ನೂ ಕಿತ್ತು ಹಾಕಿಸುತ್ತೇನೆ, ಯುನುಸನ ಸಾಮಾನು ಖರಾಬು ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ನಾಲ್ಕು ದಿನದ ಹಿಂದೆ ಬಬಲೇಶ್ವರದ ಒಂದು ಕಾರ್ಯಾಲಯದವರು ಯುನುಸನ ಬಗ್ಗೆ ಫೋನ್ ಮಾಡಿ ಕೇಳಿದಾಗ ಸಾವಕಾರರು ಖರಾಬು ಎಂದು ಹೇಳಿಯೂ ಆಗಿತ್ತು. ಯುನುಸ ತಲೆ ತಗ್ಗಿಸಿ ವೈರು ಸುತ್ತುತ್ತ ನಿಂತಿದ್ದ. ಅವನು ನನಗೆ ಒಡಹುಟ್ಟಿದ ತಮ್ಮನಲ್ಲ, ಆದರೂ ವೈರಿನ ಇನ್ನೊಂದು ತುದಿ ಹಿಡಿದು ಅವನ ಜೊತೆ ಸುತ್ತತೊಡಗಿದೆ. ಹೆಸರು ಕೆಟ್ಟರೆ ಅಂಗಡಿ ಮುಚ್ಚಿದ ಹಾಗೆಯೇ.

ಮರುದಿನ ಮುಂಜಾನೆ ಗೊಲ್ಲಾಳಪ್ಪ ಕಾಕಾರನ್ನು ಬಸ್ಸು ಹತ್ತಿಸಿದೆ. ನಮ್ಮ ಓಣಿಯವರು, ನಿವೃತ್ತ ಲೈನ್‌ಮನ್. ಕಂಬ ಹತ್ತಿ ಹತ್ತಿ ಮೊಣಕಾಲು ಸವೆದಿವೆ, ನಾಲಿಗೆ ಸವೆದಿಲ್ಲ. ಓಣಿಯಲ್ಲಿ ಕಳೆದುಹೋದ ಕೊಡ, ಕೋಳಿ, ಸೈಕಲ್ಲು ಎಲ್ಲವನ್ನೂ ಹುಡುಕಿಕೊಟ್ಟವರು ಅವರೇ. ಬಸ್ಸಿನಲ್ಲಿ ಕೂತ ಕೂಡಲೇ ಪ್ರಶ್ನೆ ಶುರು.

"ನಡುವಿನ ದೀಪ ಸುಟ್ಟಿರಬೇಕಲ್ಲ?"

"ಇಲ್ಲರಿ ಕಾಕಾ. ಯುನುಸ ಹೊಸಾ ದೀಪದ ಸರ ಹಾಕಿ ನೋಡ್ಯಾನ. ಮತ್ತ ಈ ದೀಪ ಒಂದರ ಕಿವಿಯಿಂದ ಇನ್ನೊಂದರ ಕಿವಿಗೆ ಸುದ್ದಿ ದಾಟಸ್ತಾವು. ನಡುವ ಕೆಟ್ರ ಮುಂದಿನವೂ ಆರಬೇಕು. ಕಡೀ ಅಂಕಣ ಹತ್ತತದ."

"ಹಂಗಾದ್ರ ಇದು ರೋಗ ಅಲ್ಲ, ಕೈವಾಡ."

ಅದು ನನಗೂ ಗೊತ್ತಿತ್ತು. ಆ ಗೋಡೆಯ ಔಟ್‌ಪುಟ್‌ನಲ್ಲಿ ಇನ್ನೂರಾ ಎಂಬತ್ತು ದೀಪ. ಯಾರೋ ನೂರಾ ಇಪ್ಪತ್ತೊಂದರಿಂದ ಇನ್ನೂರಾ ನಲವತ್ತರವರೆಗಿನ ಬೆಳಕನ್ನು ಸೊನ್ನೆ ಮಾಡಿಡುತ್ತಿದ್ದರು. ಒಂದು ತಿಂಗಳಲ್ಲಿ ನಾಲ್ಕು ಸಲ ನಾನು ಸರಿಪಡಿಸಿದ್ದೆ. ನಾಲ್ಕು ಸಲವೂ ಮರುದಿನಕ್ಕೇ ಮತ್ತೆ ಸೊನ್ನೆ. ಸಾವಕಾರರಿಗೆ ಹೇಳಿದರೆ, ಕುಣಿಯಲು ಬಾರದವರು ಅಂಗಳವನ್ನು ದೂರುವ ಧಾಟಿಯಲ್ಲಿ ನೆಪ ಹೇಳುತ್ತೀರಿ ಎಂದಿದ್ದರು. ಪಾಸ್‌ವರ್ಡ್ ಬದಲಿಸಿ ಕೊಟ್ಟೆ. ಮರೆಯಬಾರದೆಂದು ಅವರು ಅದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲ ಒಳಗೇ ಅಂಟಿಸಿದ್ದರು. ಇಂಥವರಿಗೆ ಏನು ಹೇಳುವುದು?

"ಯಾರ ಮ್ಯಾಲ ಸಂಶಯ ಅದ ನಿನಗ?"

ಇಬ್ಬರ ಮೇಲೆ ಇತ್ತು. ಮೊದಲನೆಯವರು ಲಾಡಲೇಸಾಬ. ಯುನುಸ ಬರುವ ಮೊದಲು ಆ ಕಾರ್ಯಾಲಯಕ್ಕೆ ಬಾಡಿಗೆಗೆ ದೀಪ ಕಟ್ಟುತ್ತಿದ್ದವರು. ಎರಡನೆಯವರು ಚಂದ್ರಾಬಾಯಿ. ಗೋಡೆಯಾಚೆಯ ಸಣ್ಣ ಹೊಲ ಆಕೆಯದು. ವಾಹನ ನಿಲ್ಲಿಸಲು ಆ ಜಾಗ ಕೊಡು ಎಂದು ಸಾವಕಾರರು ಕೇಳಿ, ಆಕೆ ಒಲ್ಲೆನೆಂದು, ಇಬ್ಬರ ನಡುವೆ ವರ್ಷದಿಂದ ಮಾತಿಲ್ಲ. ಈ ದೀಪವೂ ಬೇಡ ಎಂದು ಆಕೆ ಊರವರ ಮುಂದೆ ಗೊಣಗಿದ್ದು ನನ್ನ ಕಿವಿಗೂ ಬಿದ್ದಿತ್ತು.

ಲಾಡಲೇಸಾಬರು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲೇ ಸಿಕ್ಕರು. ಕಾಕಾ ಸುತ್ತಿ ಬಳಸಿ ಕೇಳುವವರಲ್ಲ. ನೀನೇ ಆರಿಸಿದ್ದೀಯಾ ಎಂದು ಕೇಳಿಯೇ ಬಿಟ್ಟರು. ಸಾಬರಿಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಕೆಲಸ ಕೈ ತಪ್ಪಿದಾಗ ಎರಡು ದಿನ ಮುನಿಸಿಕೊಂಡದ್ದು ನಿಜ ಎಂದರು.

"ಆದ್ರ ಆ ಹುಡುಗ ವೈರು ಹಿಡಿಯೋದು ಕಲತದ್ದು ನನ್ನ ಕಡಿ. ಅವನ ಹೆಸರು ಕೆಟ್ರ ನಂದು ಉಳೀತದೇನು?"

ಕಾಕಾ ಚಹಾ ಹೀರಿದರು. "ಇರ್ಲಿ. ನೀ ಆರಸೋದ ಇದ್ರ ಎಷ್ಟು ದೀಪ ಆರಸ್ತಿದ್ದಿ?"

"ಐವತ್ತು. ಇಲ್ಲಾ ನೂರು. ಸರ ಬರೋದ ಐವತ್ತರದು. ನಮ್ಮ ಮಂದಿ ಎಣಿಸೋದ ಹಂಗ."

ಕಾಕಾ ನನ್ನ ಕಡೆ ನೋಡಿದರು. ನನಗೆ ಏನೂ ಹೊಳೆಯಲಿಲ್ಲ.

ಕಾರ್ಯಾಲಯಕ್ಕೆ ಬಂದಾಗ ಯುನುಸ ಆಗಲೇ ಏಣಿಯ ಮೇಲಿದ್ದ. ಕಾಕಾ ಅವನ ದೀಪಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ಸುತ್ತಿಕೊಂಡು ಚಂದ್ರಾಬಾಯಿಯ ಹೊಲಕ್ಕಿಳಿದರು. ಕತ್ತಲಾಗುವ ಜಾಗಕ್ಕೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಂತರು. ತುಂಬ ಹೊತ್ತು ನಿಂತರು. ಮುದುಕರಿಗೆ ಬಿಸಿಲು ಹತ್ತಿತೇ ಎಂದು ನನಗೆ ಗಾಬರಿಯಾಯಿತು.

ಹೊಲದಲ್ಲಿ ಇದ್ದದ್ದು ಸೇವಂತಿಗೆ. ಕಳೆ ಕೀಳುತ್ತಿದ್ದ ಚಂದ್ರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಕಾಕಾ ಆಕೆಯ ಮೊಬೈಲ್ ತೋರಿಸಲು ಹೇಳಿದರು. ಗುಂಡಿ ಒತ್ತುವ ಹಳೆಯ ಫೋನು. ಕಾರ್ಯಾಲಯದ ಮೆಟ್ಟಿಲು ಹತ್ತಿ ವರ್ಷವಾಯಿತು, ಇನ್ನು ಹತ್ತುವುದೂ ಇಲ್ಲ ಎಂದು ಆಕೆ ಖಂಡತುಂಡವಾಗಿ ಹೇಳಿದಳು. ಆಮೇಲೆ ಕಾಕಾ ಗಿಡಗಳ ಬಗ್ಗೆ ಕೇಳಿದರು. ಎಲ್ಲವನ್ನೂ ಒಂದೇ ದಿನ ಹಚ್ಚಿದ್ದಂತೆ, ನೀರು, ಗೊಬ್ಬರ ಎಲ್ಲ ಒಂದೇ ಅಂತೆ.

"ಯಶೋಧಾ, ಇಬ್ಬರೂ ಅಲ್ಲ," ಎಂದರು ಕಾಕಾ, ಹೊಲದ ಬದು ಹತ್ತುತ್ತ. "ಒಂದ ಮಾತು ಖರೇ ಹೇಳು. ನೂರಾ ಇಪ್ಪತ್ತೊಂದರಿಂದ ಇನ್ನೂರಾ ನಲವತ್ತು. ಐವತ್ತರ ಲೆಕ್ಕಕ್ಕ ಕೂಡತದೇನು?"

"ಇಲ್ಲ."

"ಎದರ ಲೆಕ್ಕಕ್ಕ ಕೂಡತದ?"

ಅಂಕಣಕ್ಕೆ ನಲವತ್ತು ದೀಪ. ಮೂರು ಅಂಕಣ ಬಿಟ್ಟು ಮೂರು ಅಂಕಣ. "ಅಂಕಣದ ಲೆಕ್ಕರಿ," ಎಂದೆ.

"ದೀಪದ ಮಂದಿ ಸರ ಎಣಸ್ತಾರ. ಅಂಕಣ ಎಣಸೋರು ಮನಿ ಮಂದಿ. ಈ ಲೆಕ್ಕ ನೀ ಯಾರಿಗೆ ಹೇಳಿಕೊಟ್ಟಿದಿ?"

ಪೆಟ್ಟಿಗೆ ಹೊಂದಿಸಿದ ದಿನ ಸಾವಕಾರರ ಹೆಂಡತಿ ಸುಮಂಗಲಕ್ಕ ಬೆಳಗಿನಿಂದ ನನ್ನ ಪಕ್ಕದಲ್ಲಿ ಕುಳಿತಿದ್ದರು. ಮೂರು ಸಲ ಚಹಾ ತಂದಿದ್ದರು. ಇದೇನು, ಅದೇನು ಎಂದು ಒಂದೊಂದನ್ನೂ ಕೇಳಿದ್ದರು. ಹಾಗಾದರೆ ನಲವತ್ತಕ್ಕೆ ಒಂದು ಅಂಕಣ ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿದ್ದೂ ಅವರೇ. ಪೆಟ್ಟಿಗೆ ಹೊಂದಿಸಲು ಬಲ್ಲವರು ಯಾರ್ಯಾರು ಎಂದು ಈ ತಿಂಗಳಿಡೀ ಯೋಚಿಸಿದ್ದೆ. ಚಹಾ ತಂದವರನ್ನು ಒಂದು ಸಲವೂ ಎಣಿಸಿರಲಿಲ್ಲ. ನಾನೂ ಹೆಂಗಸೇ, ನಾಚಿಕೆಯಾಯಿತು.

ಕಾಕಾ ಸಾವಕಾರರನ್ನು ಗೋಡೆಯ ಬಳಿಗೆ ಕರೆಸಿದರು. ಯುನುಸ ಏಣಿಯಿಂದಿಳಿದ. ಸುಮಂಗಲಕ್ಕ ಎಂದಿನಂತೆ ಚಹಾದ ತಾಟು ಹಿಡಿದು ಬಂದರು.

"ಸಾವಕಾರ್ರ, ಎಲ್ಲಾರೂ ಗೋಡಿ ನೋಡಿದ್ರಿ," ಎಂದರು ಕಾಕಾ. "ಗೋಡಿ ಏನ ನೋಡತದ ಅಂತ ಯಾರೂ ನೋಡಲಿಲ್ಲ. ಆಚಿ ಬಗ್ಗಿ ನೋಡ್ರಿ."

ಸಾವಕಾರರು ಗೋಡೆಯಾಚೆ ಬಗ್ಗಿದರು. ನಾನೂ ಬಗ್ಗಿದೆ. ಕತ್ತಲಾಗುವ ಮೂರು ಅಂಕಣದ ಎದುರಿನ ಸಾಲುಗಳಲ್ಲಿ ಗಿಡಗಳ ತುದಿಯೆಲ್ಲ ಮೊಗ್ಗು. ಬೆಳಕು ಬೀಳುವ ಎರಡೂ ಅಂಚಿನ ಸಾಲುಗಳಲ್ಲಿ ಗಿಡ ಎದೆಯೆತ್ತರ ಸೊಂಪಾಗಿದ್ದವು. ಒಂದು ಮೊಗ್ಗೂ ಇರಲಿಲ್ಲ.

ಕಾಕಾ ಬಿಡಿಸಿ ಹೇಳಿದರು. ಹಿಂದೆ ಬಬಲೇಶ್ವರದಲ್ಲಿ ಅವರು ಒಂದು ಬೀದಿದೀಪ ಹಾಕಿದ್ದರು. ಅದರ ಕೆಳಗಿನ ಸೇವಂತಿಗೆ ಹೂ ಬಿಡುವುದಿಲ್ಲ ಎಂದು ಹೊಲದವ ಅಳುತ್ತ ಬಂದಾಗ ಎಲ್ಲರೂ ನಕ್ಕಿದ್ದರು. ಆಮೇಲೆ ನೋಡಿದರೆ ಅವನ ಮಾತೇ ನಿಜ. ಸೇವಂತಿಗೆಗೆ ರಾತ್ರಿ ಉದ್ದವಾಗಿದೆ ಎಂದು ತಿಳಿಯಬೇಕು, ಆಗಲೇ ಮೊಗ್ಗು. ಬೆಳಕು ಬಿದ್ದರೆ ಅದಕ್ಕೆ ಇನ್ನೂ ಹಗಲೇ. ಎಲೆ ಬಿಡುತ್ತಲೇ ಇರುತ್ತದೆ.

"ದೀಪದಾಗ ದೋಷ ಇಲ್ಲ. ಹುಡುಗನ ಕೆಲಸಾ ಚೊಕ್ಕ ಅದ. ಆರಿಸಿದವರು..." ಕಾಕಾ ಅಷ್ಟಕ್ಕೇ ನಿಲ್ಲಿಸಿದರು. ಅಷ್ಟು ಉದ್ದದ ನಾಲಿಗೆ ಅವತ್ತು ಮೊದಲ ಸಲ ಹಿಂಜರಿದದ್ದನ್ನು ಕಂಡೆ.

ಸುಮಂಗಲಕ್ಕ ತಾಟನ್ನು ಗೋಡೆಯ ಮೇಲಿಟ್ಟರು.

"ನಾನ ಆರಸೇನಿ. ಯುನುಸನ ಮ್ಯಾಲ ಬರತದ ಅಂತ ತಿಳದಿರಲಿಲ್ಲ. ತಿಳದ ಮ್ಯಾಲೂ ನಾಕ ದಿನಾ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು, ತಮ್ಮಾ."

ಸಾವಕಾರರ ಮುಖ ಕೆಂಪಾಯಿತು. "ನನಗ ಒಂದ ಮಾತು ಹೇಳಬಾರದೇನು?"

"ಹೇಳಿದ್ದೆರಿ. ಚಂದ್ರಾಬಾಯಿದು ವರ್ಷದ ಬೆಳಿ ಹೋಗತದ ಅಂತ ಹೇಳಿದ ದಿನಾನ ನೀವು ಬೆಳಕು ಪೂರಾ ಏರಸಾಕ ಹಚ್ಚಿದ್ರಿ."

ಸಾವಕಾರರು ಮೊಗ್ಗುಗಳನ್ನು ನೋಡಿದರು, ಬರಿಯ ಎಲೆಗಳನ್ನು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಬಬಲೇಶ್ವರದ ಕಾರ್ಯಾಲಯದವರಿಗೆ ಹಚ್ಚಿದರು. ಯುನುಸನಷ್ಟು ಚೊಕ್ಕವಾಗಿ ಕೆಲಸ ಮಾಡುವವರು ಈ ಕಡೆ ಇಲ್ಲ, ಖರಾಬು ಅಂದದ್ದು ತನ್ನದೇ ತಿಳಿಗೇಡಿತನ ಎಂದು ನಮ್ಮೆಲ್ಲರಿಗೂ ಕೇಳುವಂತೆ ಜೋರಾಗಿ ಹೇಳಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, ಹೂ ಕೊಯ್ಲು ಮುಗಿಯುವವರೆಗೆ ಏಳೂ ಅಂಕಣ ಆರಿಸಿಬಿಡಿ, ಬೀಗರು ಮುಂದಿನ ಬಾಗಿಲಿನಿಂದ ಬಂದರಾಯಿತು ಎಂದರು. ಒರಟು ಮನುಷ್ಯ, ಆದರೆ ಅವತ್ತು ನನಗೆ ಅವರ ಮೇಲೆ ಪ್ರೀತಿ ಬಂತು.

ಇಷ್ಟೊತ್ತೂ ಗೋಡೆಯಾಚೆ ನಿಂತು ಕೇಳುತ್ತಿದ್ದ ಚಂದ್ರಾಬಾಯಿ ಕೈಯ ಮಣ್ಣು ಒರೆಸಿಕೊಂಡು ಮುಂದೆ ಬಂದಳು. ಸುಮಂಗಲಕ್ಕನ ಕೈಯನ್ನು ಗೋಡೆಯ ಮೇಲಿಂದಲೇ ಹಿಡಿದುಕೊಂಡಳು. ಸಾವಕಾರರಿಗೆ ಒಂದು ನಮಸ್ಕಾರ ಹಾಕಿದಳು. ಆಮೇಲೆ ಯುನುಸನನ್ನು ನೋಡಿ ತಡವರಿಸಿದಳು.

"ಸಿಟ್ಟಾಗಬ್ಯಾಡಪಾ. ನಿನ್ನ ದೀಪ ತಾವಾಗೇ ಕೆಟ್ಟಾವಂತ ತಿಳದಿದ್ದೆ. ಹಿಂಗ ಕೆಟ್ಟೇ ಇರ್ಲಿ ಅಂತ ತಿಂಗಳಿಂದ ದಿನಾ ದೇವರಿಗೆ ಕೈ ಮುಗದೇನಿ."

ಯುನುಸ ಒಂದು ಗಳಿಗೆ ಕಣ್ಣು ಬಿಟ್ಟು ನೋಡಿದ. ಆಮೇಲೆ ನಗು ತಡೆಯಲಾಗದೆ ಏಣಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನಿಮ್ಮ ದೇವರು ಭಾಳ ಜಲ್ದಿ ಕೇಳತಾನ, ಅವ್ವಾ," ಎಂದ, ಕಣ್ಣು ಒರೆಸಿಕೊಳ್ಳುತ್ತ. "ನಾಳಿಯಿಂದ ಯುನುಸಂದು ಛಲೋ ನಡೀಲಿ ಅಂತ ಬೇಡ್ಕೋರಿ."