ಅರಕಲಗೂಡಿನ ಸಣ್ಣಕ್ಕ

ಅವಳು ಕಾಯುತ್ತಿದ್ದುದು ನನಗಾಗಿ ಅಲ್ಲ.

ಅರಕಲಗೂಡು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಿಸರ್ಗ ಕೂತಿದ್ದಳು. ಪಕ್ಕದ ಜಾಗದಲ್ಲಿ ಬ್ಯಾಗು ಇಟ್ಟುಕೊಂಡು, ಕೂರಲು ಬಂದವರಿಗೆಲ್ಲ "ಇಲ್ಲೊಬ್ರು ಬತ್ತಾರೆ" ಎನ್ನುತ್ತಿದ್ದಳು. ಬರಬೇಕಾಗಿದ್ದವಳು ಸಣ್ಣಕ್ಕ. ಮದುವೆಯಾಗಿ ಆರು ವರ್ಷವಾದ, ಅತ್ತೆಯ ಕಣ್ಣು ತಪ್ಪಿಸಿ ಕಂಪ್ಯೂಟರಿನಲ್ಲಿ ಆಟವಾಡುವ ಅರಕಲಗೂಡಿನ ಗೃಹಿಣಿ. ಐದು ತಿಂಗಳಿಂದ ನಿಸರ್ಗ ತನ್ನ ಮನಸ್ಸಿನ ಮಾತನ್ನೆಲ್ಲ ಹೇಳಿಕೊಂಡದ್ದು ಅವಳ ಹತ್ತಿರ.

ಅಂಥ ಹೆಂಗಸು ಅರಕಲಗೂಡಿನಲ್ಲಿ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಸಣ್ಣಕ್ಕ ನಾನೇ.

ಹಾಸನದ ಬಸ್ಸಿನಿಂದ ಇಳಿದು ಹತ್ತು ನಿಮಿಷವಾಗಿತ್ತು. ಎಳನೀರಿನ ಗಾಡಿಯ ಹಿಂದೆ ನಿಂತು ನೋಡುತ್ತಿದ್ದೆ. ಅವಳು ಹಸಿರು ಚೂಡಿದಾರ ಹಾಕಿದ್ದಳು. ಯಾರಾದರೂ ಒಬ್ಬರೇ ನಡೆದುಬಂದರೆ ಕತ್ತು ಎತ್ತಿ ನೋಡುತ್ತಿದ್ದಳು. ಪ್ರತಿ ಸಲ ಅವಳು ಕತ್ತು ಎತ್ತಿದಾಗಲೂ ನಾನು ತಲೆ ತಗ್ಗಿಸುತ್ತಿದ್ದೆ.

ನನ್ನ ಹೆಸರು ಅತಿಶಯ್. ಮನೆ ಚನ್ನರಾಯಪಟ್ಟಣ, ಕೆಲಸ ಹಾಸನದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ನಿಸರ್ಗ ಹೊಳೆನರಸೀಪುರದವಳು, ಹಾಲಿನ ಡೇರಿಯೊಂದರ ಲ್ಯಾಬಿನಲ್ಲಿ ಕೊಬ್ಬಿನಂಶ ಅಳೆಯುವವಳು. ನಮ್ಮನ್ನು ಪರಿಚಯ ಮಾಡಿಸಿದ್ದು ಒಂದು ಆನ್‌ಲೈನ್ ಆಟ. ಮಾಂತ್ರಿಕರು, ಬಿಲ್ಲುಗಾರರು, ಕೋಟೆಗಳು, ರಾಕ್ಷಸರು ಇರುವ ಆಟ. ನಮ್ಮ ಜಿಲ್ಲೆಯ ಹತ್ತು ಜನ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಟ್ಟಿಗೆ ಕೋಟೆಗೆ ನುಗ್ಗುತ್ತಿದ್ದೆವು. ರಾಕ್ಷಸ ಸತ್ತರೆ ಆಯುಧ, ಕವಚ, ಉಂಗುರ ಸಿಗುತ್ತವೆ. ಅವನ್ನು ನಮ್ಮ ಪಾತ್ರಕ್ಕೆ ತೊಡಿಸಿ ಗಟ್ಟಿಮಾಡುವುದೇ ಆಟದ ಅರ್ಧ ಸುಖ.

ನನಗೆ ಆ ಅರ್ಧದಲ್ಲೇ ಹೆಚ್ಚು ರುಚಿ. ಗುರಾಣಿ ಹಿಡಿದ ಗುಂಡಯ್ಯ, ಬಿಲ್ಲುಗಾರ ಚೆನ್ನಯ್ಯ, ಇಬ್ಬರೂ ನನ್ನವರೆಂದು ಎಲ್ಲರಿಗೂ ಗೊತ್ತಿತ್ತು. ಯಾರಿಗೆ ಯಾವ ಕವಚ, ಯಾವ ಉಂಗುರಕ್ಕೆ ಯಾವ ಹರಳು ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದಿಡುತ್ತಿದ್ದೆ. ಏಪ್ರಿಲ್‌ನಲ್ಲಿ ಗಾಯ ವಾಸಿಮಾಡುವ ಹೀಲರ್ ಒಬ್ಬರು ಗುಂಪು ಬಿಟ್ಟರು. ನಾನು ಇನ್ನೊಂದು ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟುಕೊಂಡು ಮೂರನೆಯ ಪಾತ್ರವನ್ನು ಒಳಗೆ ತಂದೆ. ಹೆಸರು ಸಣ್ಣಕ್ಕ.

"ಯಾರ್ಲಾ ಇದು ಹೊಸಬ್ರು?" ಎಂದ ಪಾಲಾಕ್ಷಣ್ಣ. ಅವನು ನಮ್ಮ ಗುಂಪಿನ ನಾಯಕ, ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು.

ನನ್ನದೇ ಎಂದು ಹೇಳಬಹುದಿತ್ತು. ಆದರೆ ನಮ್ಮಲ್ಲಿ ಒಂದು ನಿಯಮವಿತ್ತು. ಸಿಕ್ಕ ವಸ್ತು ಯಾರಿಗೆಂದು ನೂರರ ದಾಳ ಉರುಳಿಸುತ್ತೇವೆ, ಹೆಚ್ಚು ಬಂದವರಿಗೆ ವಸ್ತು; ಆದರೆ ಒಬ್ಬ ಮನುಷ್ಯನಿಗೆ ಒಂದೇ ದಾಳ, ಪಾತ್ರ ಎಷ್ಟೇ ಇರಲಿ. ಹೀಗಾದರೆ ಸಣ್ಣಕ್ಕ ಬರಿಗೈಯಲ್ಲೇ ಉಳಿಯುತ್ತಾಳಲ್ಲ ಎಂದು ನನ್ನ ಪಟ್ಟಿಯ ಬುದ್ಧಿ ಲೆಕ್ಕ ಹಾಕಿತು.

"ಅರಕಲಗೂಡಿನವರು. ಗೃಹಿಣಿ. ಅತ್ತೆ ಮನೇಲಿರ್ತಾರಂತೆ, ಮೈಕ್ ಹಾಕಲ್ಲ. ಬರೀ ಟೈಪ್ ಮಾಡ್ತಾರೆ."

"ಪಾಪ ಕಣ್ಲಾ," ಎಂದ ಪಾಲಾಕ್ಷಣ್ಣ. ಅಷ್ಟೇ.

ಆ ವಾರವೇ ನಿಸರ್ಗಳಿಂದ ಸಣ್ಣಕ್ಕನಿಗೆ ಮೊದಲ ಸಂದೇಶ ಬಂತು. 'ಅಕ್ಕ, ಊಟ ಆಯ್ತಾ? ನಿಮ್ಮತ್ತೆ ಬಯ್ಯಲ್ವಾ?'

ಉತ್ತರ ಕೊಡದಿದ್ದರೆ ಅನುಮಾನ ಬರುತ್ತದೆ ಎಂದುಕೊಂಡು ಕೊಟ್ಟೆ. ಮೊದಲ ದಿನ ಅದೊಂದೇ ಕಾರಣ. ಆಮೇಲಿನ ದಿನಗಳಿಗೆ ನನ್ನ ಹತ್ತಿರ ಕಾರಣವಿಲ್ಲ. ಅವಳು ಬರೆಯಲಿ ಎಂದು ಕಾಯತೊಡಗಿದ್ದೆ.

ಕೊಬ್ಬಿನಂಶ ಅಳೆಯುವಾಗ ಆಸಿಡ್ ಸಿಡಿದು ಅವಳ ಬಲಗೈ ಮೇಲೆ ಕಲೆಗಳಾಗಿದ್ದವು. ಗಂಡಿನ ಕಡೆಯವರು ಬಂದಾಗಲೆಲ್ಲ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳಂತೆ. 'ಮುಚ್ಕೊಂಡಾಗ ನನ್ ಮೇಲೆ ನಂಗೇ ಸಿಟ್ಟು ಬತ್ತದೆ ಅಕ್ಕ,' ಎಂದು ಬರೆದಿದ್ದಳು. ಸಣ್ಣಕ್ಕ ಸಮಾಧಾನ ಹೇಳಿದಳು. ನಾನು ಓದಿಕೊಂಡೆ.

ಜೂನ್‌ನಲ್ಲಿ ಗುಂಪಿನವರೆಲ್ಲ ಹಾಸನದ ಒಂದು ಹೋಟೆಲಿನಲ್ಲಿ ಊಟಕ್ಕೆ ಸೇರಿದೆವು. ಸಣ್ಣಕ್ಕ ಬರಲಿಲ್ಲ; ಅತ್ತೆ ಬಿಡಲಿಲ್ಲ. ನಿಸರ್ಗ ನನ್ನ ಎದುರಿಗೇ ಕೂತಳು. ನಾನು ದೋಸೆಯೊಳಗಿನ ಪಲ್ಯವನ್ನು ಅಂಚಿಗೆ ಸರಿಸುತ್ತಿದ್ದುದನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಏನ್ರೀ ಗುಂಡಯ್ಯನೋರೇ, ಪಲ್ಯ ಏನ್ ತಪ್ಪು ಮಾಡ್ತು?"

"ಆಲೂಗಡ್ಡೆ. ನಾವು ಜೈನರು, ನೆಲದೊಳಗೆ ಬೆಳೆದದ್ದು ತಿನ್ನಲ್ಲ."

"ಹಾಸನದಲ್ಲಿ ಕೂತ್ಕೊಂಡು ಆಲೂಗಡ್ಡೆ ತಿನ್ನಲ್ಲ ಅಂತೀರಲ್ಲ! ದಿನಾ ಮಣ್ಣು ಕೆದಕ್ತೀರಿ, ಅದ್ರಲ್ಲಿ ಬೆಳೆದಿದ್ದು ಬೇಡ್ವಾ?"

"ಮಣ್ಣನ್ನು ಪರೀಕ್ಷೆ ಮಾತ್ರ ಮಾಡ್ತೀನಿ. ರುಚಿ ನೋಡಲ್ಲ."

ಅವಳು ನಕ್ಕಳು. ನಗುವಾಗ ಮೊದಲು ಹುಬ್ಬು ಏರುತ್ತದೆ, ಆಮೇಲೆ ತುಟಿ ಬಿಚ್ಚುತ್ತದೆ. ಆ ಎರಡರ ನಡುವೆ ಅರೆಕ್ಷಣವಿದೆ. ಇಷ್ಟು ದಿನ ಹೆಡ್‌ಫೋನಿನಲ್ಲಿ ನಗು ಕೇಳುತ್ತಿದ್ದ ನನಗೆ ಆ ಅರೆಕ್ಷಣ ಗೊತ್ತೇ ಇರಲಿಲ್ಲ. ಅವಳು ನನ್ನ ತಟ್ಟೆಗೆ ಕೈ ಚಾಚಿ ಪಲ್ಯವನ್ನೆಲ್ಲ ತನ್ನ ಕಡೆ ಎಳೆದುಕೊಂಡಳು. ಅದು ಬಲಗೈ. ಮುಚ್ಚಿಕೊಳ್ಳಲು ಮರೆತಿದ್ದಳು.

ನಾನು ಏನೂ ಕೇಳಲಿಲ್ಲ. ಮಣ್ಣಿನ ಪರೀಕ್ಷೆಗೂ ಅದೇ ಆಸಿಡ್ ಬೇಕು. ನನ್ನ ಕೈಯನ್ನು ಅವಳ ಕೈಯ ಪಕ್ಕಕ್ಕೆ ಇಟ್ಟೆ. ಎರಡರಲ್ಲೂ ಅದೇ ಬಣ್ಣದ ಚುಕ್ಕೆಗಳು.

ಅಂದು ಸಂಜೆ ಸಣ್ಣಕ್ಕನಿಗೆ ಬಂದ ಸಂದೇಶ ನನಗೆ ಬಾಯಿಪಾಠವಾಗಿದೆ. 'ಅಕ್ಕ, ಅವ್ರು ನನ್ ಕೈ ನೋಡಿದ್ರು. ಮುಖ ತಿರುಗಿಸ್ಲಿಲ್ಲ. ಅವ್ರ ಕೈ ತಂದು ಪಕ್ಕದಲ್ಲಿಟ್ರು. ನಾನು ಹೇಳ್ದೇನೇ ಹೆಂಗೆ ಗೊತ್ತಾಯ್ತು ಅಕ್ಕ?'

ಓದಿ ಸಂತೋಷವಾಯಿತು. ಒಂದು ನಿಮಿಷದ ಮೇಲೆ, ಪ್ರಶ್ನೆಪತ್ರಿಕೆ ಕದ್ದು ನೋಡಿ ರ‍್ಯಾಂಕ್ ಬಂದವನಿಗೆ ಹೇಗಾಗಬಹುದೋ ಹಾಗಾಯಿತು. ಆದರೂ ಸಣ್ಣಕ್ಕನ ಕೈಯಲ್ಲಿ ಬರೆಸಿದೆ. 'ಮನಸ್ಸು ಒಂದಾದ್ರೆ ಹಾಗೇ ಕಣೆ.'

ಇಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಆಗಸ್ಟ್ ಕೊನೆಯ ಭಾನುವಾರ, ನಿಸರ್ಗ ಆರು ತಿಂಗಳಿಂದ ಕಾಯುತ್ತಿದ್ದ ಬಿಳಿ ಮಂತ್ರದಂಡ ರಾಕ್ಷಸನಿಂದ ಬಿತ್ತು. ಅವಳ ಮಾಂತ್ರಿಕ ಪಾತ್ರಕ್ಕೂ ಸಲ್ಲುವ, ಹೀಲರಿಗೂ ಸಲ್ಲುವ ದಂಡ. "ನಿಸರ್ಗಮ್ಮಾ, ಉರುಳಿಸು ತಾಯಿ!" ಎಂದು ಪಾಲಾಕ್ಷಣ್ಣ ಕೂಗಿದ. ಅವಳಿಗೆ ತೊಂಬತ್ತೊಂದು ಬಂತು. ಎಲ್ಲರೂ ಹೋ ಎಂದರು.

ನನ್ನ ಎಡಗೈ ಆಗಲೇ ಎರಡನೆಯ ಲ್ಯಾಪ್‌ಟಾಪಿನ ಮೇಲಿತ್ತು. ಅಭ್ಯಾಸ ಎನ್ನುತ್ತೇನೆ, ಪೂರ್ತಿ ನಿಜವಲ್ಲ. ಸಣ್ಣಕ್ಕನ ಪಟ್ಟಿಯಲ್ಲಿ ಖಾಲಿ ಉಳಿದಿದ್ದ ಕೊನೆಯ ಮನೆ ಅದು. ಒತ್ತಿದೆ. ತೊಂಬತ್ತೇಳು.

ಆ ಆಟದಲ್ಲಿ ಗೆದ್ದ ವಸ್ತು ಗೆದ್ದ ಪಾತ್ರಕ್ಕೇ ಅಂಟಿಕೊಳ್ಳುತ್ತದೆ. ಬೇಕೆಂದರೂ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಹೆಡ್‌ಫೋನಿನಲ್ಲಿ ಮೊದಲು ಮಾತಾಡಿದವಳು ನಿಸರ್ಗಳೇ. "ಇರ್ಲಿ ಬಿಡಿ ಅಕ್ಕ, ನಿಮ್ಗಾದ್ರೂ ಸಿಕ್ತಲ್ಲ. ಆ ಮನೇಲಿ ನಿಮ್ಗೆ ಇನ್ನೇನ್ ಸುಖ ಐತೆ?"

ಅಂದು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಾಗಲಿಲ್ಲ.

ಎರಡು ವಾರದ ನಂತರ ಅವಳು ಸಣ್ಣಕ್ಕನಿಗೆ ಬರೆದಳು. ಚನ್ನರಾಯಪಟ್ಟಣದ ಕಡೆಯಿಂದ ಸಂಬಂಧ ಬಂದಿದೆ, ಹುಡುಗ ಮೋಹನ್‌ಕುಮಾರ್, ಒಳ್ಳೆಯವನು, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. 'ಗುಂಡಯ್ಯನೋರು ಬಾಯೇ ಬಿಡ್ತಿಲ್ಲ. ನಾನೇನ್ ಮಾಡ್ಲಿ ಅಕ್ಕ?'

ಅತಿಶಯನಾಗಿ ಅವಳಿಗೆ ಫೋನ್ ಮಾಡಬಹುದಿತ್ತು. ನಂಬರ್ ಇತ್ತು. ನಾನು ಸಣ್ಣಕ್ಕನಾಗಿ ಟೈಪ್ ಮಾಡಿದೆ. 'ಆ ಸಂಬಂಧ ಬೇಡ ಅನ್ನು.'

ತುಂಬಾ ಹೊತ್ತಿನ ಮೇಲೆ ಉತ್ತರ ಬಂತು. 'ಮುಖ ನೋಡಿ ಹೇಳಿ ಅಕ್ಕ. ಈ ಭಾನುವಾರ ಅರಕಲಗೂಡಿಗೆ ಬತ್ತೀನಿ, ಹನ್ನೊಂದಕ್ಕೆ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ. ನಿಮ್ ಮಾತು ಕೇಳ್ಕೊಂಡು ಹೋಗಿ ಸಂಜೆ ಮನೇಲಿ ಉತ್ತರ ಹೇಳ್ತೀನಿ.'

ಹನ್ನೊಂದೂಕಾಲು. ಎಳನೀರಿನವನು ಎರಡನೆಯ ಸಲ "ನಿಮ್ಗೆ ಬೇಕಾ ಸಾ?" ಎಂದ. ಬೇಡವೆಂದು ತಲೆಯಾಡಿಸಿ ಗಾಡಿಯ ಮರೆಯಿಂದ ಹೊರಬಂದೆ. ಅಲ್ಲಿಂದ ಬೆಂಚಿಗೆ ಇಪ್ಪತ್ತಾರು ಹೆಜ್ಜೆ.

ನಿಸರ್ಗ ನನ್ನನ್ನು ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂತ್ಕೊಳಿ ಅಕ್ಕ," ಎಂದಳು.

ನಾನು ನಿಂತೇ ಇದ್ದೆ.

"ಕೂತ್ಕೊಳೀ ಅಂದೆ. ಹನ್ನೊಂದಕ್ಕೂ ಮುಂಚಿಂದ ಜಾಗ ಹಿಡ್ದಿದ್ದೀನಿ."

ಕೂತೆ. "ಯಾವಾಗಿಂದ ಗೊತ್ತು?"

"ದಂಡ ಹೋಯ್ತಲ್ಲ, ಅವತ್ತಿಂದ. ನಂಗೆ ಸಿಕ್ಕಿದ್ರೆ ಹೆಂಗಿರ್ತಿತ್ತು ಅಂತ ಆಸೆಗೆ ಸಣ್ಣಕ್ಕನ ಪಾತ್ರ ಏನೇನ್ ತೊಟ್ಟಿದೆ ಅಂತ ತೆರೆದು ನೋಡ್ದೆ. ಎಡಗೈ ಉಂಗುರಕ್ಕೆ ನೀಲಿ ಹರಳು." ಅವಳು ನನ್ನ ಕಡೆ ತಿರುಗಿದಳು. "ಲೋಕದಲ್ಲಿ ಯಾವ ಹೀಲರ್ ನೀಲಿ ಹಾಕ್ತಾನೆ ರೀ? ಎಲ್ರೂ ಕೆಂಪೇ. ನೀಲಿ ಹಾಕಿದ್ರೆ ನಲವತ್ತು ಸಲಕ್ಕೆ ಒಂದು ಸಲ ಸಾಯೋದು ತಪ್ಪುತ್ತೆ ಅಂತ ಅರ್ಧ ಗಂಟೆ ಪಾಠ ಮಾಡಿದವ್ರು ಯಾರು? ಗುಂಡಯ್ಯಂಗೂ ಅದೇ, ಚೆನ್ನಯ್ಯಂಗೂ ಅದೇ, ಅರಕಲಗೂಡಿನ ಗೃಹಿಣಿಗೂ ಅದೇ. ದಿನಾ ನೂರಾರು ಕ್ಯಾನ್ ಹಾಲು ನೋಡ್ತೀನಿ ನಾನು. ನೀರು ಬೆರೆಸಿದ್ರೆ ಗೊತ್ತಾಗಲ್ವಾ?"

"ಹಾಗಾದರೆ ಆ ಸಂಬಂಧದ ಮಾತು..."

"ನಿಜಾನೇ. ಬರೆದಿದ್ದು ಮಾತ್ರ ನಿಮ್ಗೆ. ಈಗ್ಲಾದ್ರೂ ಬಾಯಿ ಬಿಡ್ತಾರೇನೋ ಅಂತ. ನೀವು ಅಕ್ಕನ್ನ ಮುಂದೆ ಬಿಟ್ರಿ."

ಹಿಂದಿನ ವಾರವಷ್ಟೇ ನಮ್ಮ ಜೈನರ ದಶಲಕ್ಷಣ ಪರ್ವ ಮುಗಿದಿತ್ತು. ಅದರ ಮರುದಿನ ಎಲ್ಲರಲ್ಲೂ ಕ್ಷಮೆ ಕೇಳುವುದು ನಮ್ಮ ಪದ್ಧತಿ. ಪ್ರತಿ ವರ್ಷ ಒಂದೇ ವಾಕ್ಯವನ್ನು ನೂರು ಜನಕ್ಕೆ ಕಳಿಸುತ್ತೇನೆ. ಅವಳಿಗೂ ಕಳಿಸಿದ್ದೆ. ಬಾಯಿಗೆ ಬಂದದ್ದೂ ಅದೇ ವಾಕ್ಯ. "ನಿಸರ್ಗ, ತಿಳಿದೋ ತಿಳಿಯದೆಯೋ ನನ್ನಿಂದ ಆದ ತಪ್ಪಿಗೆ..."

"ಅದು ಬೇಡ," ಎಂದು ಅವಳು ಕೈ ಅಡ್ಡ ಹಿಡಿದಳು. "ಅದು ನಂಗೆ ವಾಟ್ಸಾಪಲ್ಲಿ ಬಂದೈತೆ, ಹೂವಿನ ಚಿತ್ರದ ಜೊತೆ. ತಿಳಿಯದೆ ಮಾಡಿದ್ದು ಬಿಟ್ಬಿಡಿ. ತಿಳಿದು ಮಾಡಿದ್ದು ಏನೇನು, ಅದ್ ಹೇಳಿ."

ಹೇಳಿದೆ. ಇಲ್ಲದ ಅತ್ತೆಯನ್ನು ಹುಟ್ಟಿಸಿದ್ದು. ಒಬ್ಬನೇ ಎರಡು ದಾಳ ಉರುಳಿಸಿದ್ದು. ಅವಳ ಕೈಯ ವಿಷಯ ಮೊದಲೇ ತಿಳಿದಿದ್ದು, ತಿಳಿಯದವನಂತೆ ಕೈ ಪಕ್ಕಕ್ಕಿಟ್ಟದ್ದು. ಮೋಹನ್‌ಕುಮಾರ್ ಬೇಡ ಎಂದದ್ದು ಅವಳ ಒಳ್ಳೆಯದಕ್ಕಲ್ಲ, ನನ್ನ ಆಸೆಗೆ ಎಂಬುದು. ಹೇಳುವಾಗ ನೆಲ ನೋಡುತ್ತಿದ್ದೆ.

ಕೇರಳಾಪುರದ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೊರಟುಹೋಯಿತು.

"ದಂಡ ಹೋದ್ರೆ ಹೋಗ್ಲಿ," ಎಂದಳು ಆಮೇಲೆ. "ನಂಗೊಬ್ಳು ಅಕ್ಕ ಇದ್ಲು ಕಣ್ರೀ. ಅವಳ ಮುಂದೆ ಅತ್ತಿದ್ದೀನಿ. ಹಬ್ಬಕ್ಕೆ ಅಂತ ಅವಳಿಗೊಂದು ಸೀರೆ ಕೂಡ ನೋಡಿಟ್ಟಿದ್ದೆ. ಈಗ ಅವಳಿಲ್ಲ ಅಂತ ಯಾರ ಹತ್ರ ಹೇಳ್ಕೊಂಡು ಅಳ್ಲಿ?"

ನಾಚಿಕೆ ಎಂದರೆ ಸಿಕ್ಕಿಬಿದ್ದಾಗ ಆಗುವುದು ಎಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡಾಗ ಆದದ್ದು ಬೇರೆ. ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

"ನಾನು ಹೋಗ್ತೀನಿ," ಎಂದು ಎದ್ದೆ. "ಪಾಲಾಕ್ಷಣ್ಣಂಗೂ ಇವತ್ತೇ ಹೇಳ್ತೀನಿ. ಗುಂಪು ಬಿಡ್ತೀನಿ."

"ಓಡೋಗೋದು ಸುಲಭ." ಅವಳೂ ಎದ್ದಳು. "ಐದು ತಿಂಗಳಿಂದ ನನ್ನದೆಲ್ಲ ನಿಮ್ಮತ್ರ ಐತೆ. ನಿಮ್ಮದು ನನ್ನತ್ರ ಏನೈತೆ? ಆಲೂಗಡ್ಡೆ ತಿನ್ನಲ್ಲ ಅನ್ನೋದೊಂದು. ಇದು ನ್ಯಾಯಾನಾ?"

ಹೊಳೆನರಸೀಪುರದ ಬಸ್ಸು ಬಂದು ನಿಂತಿತು.

"ಒಂದು ಗಂಟೆ ದಾರಿ. ಹತ್ತಿ. ಹೇಳ್ತಾ ಬನ್ನಿ. ಸುಳ್ಳು ಬೆರೆತ್ರೆ ಅಲ್ಲೇ ಇಳಿಸ್ತೀನಿ."

ಹತ್ತಿದೆ. ಅವಳು ಕಿಟಕಿಯ ಪಕ್ಕ, ನಾನು ಈಚೆ. ನಡುವೆ ಒಂದು ಗೇಣು. ಬಸ್ಸು ಊರು ದಾಟಿದ ಮೇಲೆ ಅಪ್ಪ ಅಮ್ಮನಿಗೂ ಹೇಳದ್ದನ್ನು ಹೇಳಿದೆ. "ಈ ಕೆಲಸಕ್ಕೆ ಮುಂಚೆ ಪಿಎಚ್‌ಡಿ ಮಾಡ್ತಿದ್ದೆ, ಅರ್ಧಕ್ಕೇ ಬಿಟ್ಟುಬಂದೆ. ಗೈಡ್ ಸರಿಯಿಲ್ಲ ಅಂತ ಮನೇಲಿ ಹೇಳಿದ್ದೀನಿ. ಗೈಡ್ ಚೆನ್ನಾಗೇ ಇದ್ದರು. ಸೆಮಿನಾರಿನ ದಿನ ಎಲ್ಲರೆದುರು ಎದ್ದು ನಿಂತೆ, ಮಾತು ಬರಲಿಲ್ಲ. ಬಾಗಿಲಿನಿಂದ ಹೊರಗೆ ನಡೆದುಬಿಟ್ಟೆ. ಮತ್ತೆ ಹೋಗಲೇ ಇಲ್ಲ."

ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು. ಆದರೆ ಕೇಳಿಸಿಕೊಳ್ಳುತ್ತಿದ್ದಳು.

"ಟಿಕೆಟ್, ಟಿಕೆಟ್," ಎಂದು ಕಂಡಕ್ಟರ್ ಬಂದ. ಅವಳು ಆಧಾರ್ ಕಾರ್ಡ್ ತೋರಿಸಿದಳು. "ನಂದು ಫ್ರೀ. ಇವ್ರಿಗೊಂದು ಹೊಳೆನರಸೀಪುರ." ಆಮೇಲೆ ನನಗೆ ಮಾತ್ರ ಕೇಳುವಂತೆ, "ಸಣ್ಣಕ್ಕ ಆಗಿದ್ದಿದ್ರೆ ನಿಮ್ಗೂ ಫ್ರೀ ಇರ್ತಿತ್ತು," ಎಂದಳು.

ಹುಬ್ಬು ಏರಿತು. ತುಟಿ ಬಿಚ್ಚುವಷ್ಟರಲ್ಲಿ ತಡೆದುಕೊಂಡಳು.

"ಚನ್ನರಾಯಪಟ್ಟಣದೋರಿಗೆ ಸಂಜೆ ಬೇಡ ಅಂತ ಹೇಳ್ತೀನಿ," ಎಂದಳು. "ಅದು ನಿಮ್ಗೆ ಹ್ಞೂಂ ಅಂತ ಅಲ್ಲ, ತಿಳೀತಾ? ಇನ್ನೂ ಸಿಟ್ಟು ಹೋಗಿಲ್ಲ ನಂದು."

"ತಿಳೀತು."

"ನಿಮ್ ಗುಟ್ಟು ಒಂದಾಯ್ತು. ನನ್ನವು ನಿಮ್ಮತ್ರ ನಲವತ್ತಾದ್ರೂ ಇದಾವೆ. ಎರಡನೇದು?"

"ಎರಡನೆಯದು ನಿಮ್ಮ ವಿಷಯ."

ಅವಳ ಕೆನ್ನೆ ಕೆಂಪಾಯಿತು. ತಟ್ಟನೆ ಕಿಟಕಿಯ ಕಡೆ ತಿರುಗಿಕೊಂಡಳು.

"ಅದು ಕೊನೇಗಿರ್ಲಿ," ಎಂದಳು. "ಮೊದ್ಲು ನಿಮ್ಮವೆಲ್ಲ ಮುಗೀಲಿ."