ಘಾಟಿ ರಸ್ತೆಯ ಮುಂದಿನ ಸೀಟು

ಘಾಟಿಯ ದೊಡ್ಡ ತಿರುವಿನ ಕೆಳಗೆ, ಬಂಡೆಗಳ ನಡುವೆ, ಮುದುಕಿಯೊಬ್ಬಳು ಸತ್ತು ಬಿದ್ದಿದ್ದಾಳೆಂಬ ಸುದ್ದಿ ಬಂದಾಗ ಕಡಲದಂಡೆಯ ಲಾಡ್ಜಿನ ಮ್ಯಾನೇಜರು ನೆಲದ ಮೇಲಿನ ಬೂಟಿನ ಕೆಂಪು ಗುರುತುಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದರು. ನೆಲವೆಂದರೆ ಅವರಿಗೆ ಪ್ರಾಣ. ದೋಣಿಯಿಂದ ಮೊಣಕಾಲು ನೀರಿಗಿಳಿದು ಬರುವವರಿಗೆಂದೇ ಬಾಗಿಲಲ್ಲಿ ನೀರಿನ ತೊಟ್ಟಿ, ಚೊಂಬು ಇಟ್ಟಿದ್ದರು. ಮರಳುಗಾಲಲ್ಲಿ ಹೊಸ್ತಿಲು ದಾಟಿದವನು ಎಂಥ ದೊಡ್ಡ ಮನುಷ್ಯನಾದರೂ ಅವರ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಸಲ ಗುರುತು ಮೂಡಿಸಿದ ಅತಿಥಿ, "ನಮ್ಮಮ್ಮ ಬಂದ್ರಾ?" ಎಂದು ಗಾಬರಿಯಿಂದ ಕೇಳುತ್ತ ಒಳಗೆ ನುಗ್ಗಿದ್ದ. ಅಂಥವನನ್ನು ಬೈಯುವುದು ಹೇಗೆ?

ಸತ್ತವಳು ಅವನ ತಾಯಿಯೇ. ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ವಿಮಾನ ನಿಲ್ದಾಣದಿಂದ ಅವಳನ್ನು ಹತ್ತಿಸಿಕೊಂಡು ಬಂದ ಟ್ಯಾಕ್ಸಿಯವನನ್ನು ಪೊಲೀಸರು ಹಿಡಿದಿದ್ದರು. ಕಾರಿನಲ್ಲಿ ಮುದುಕಿಯ ಕೈಚೀಲ ಸಿಕ್ಕಿತ್ತು. ಆ ಟ್ಯಾಕ್ಸಿಯವನು ಮ್ಯಾನೇಜರ ಒಡಹುಟ್ಟಿದ ತಮ್ಮ.

ಮ್ಯಾನೇಜರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೂಲೆಯ ಕೋಣೆಯ ಬಾಗಿಲು ಬಡಿದರು. ಕೋರ್ಟಿನ ಸಹವಾಸ ಸಾಕಾಗಿ ವಕೀಲಮ್ಮ ಆ ಕೋಣೆಯಲ್ಲೇ ಖಾಯಂ ಆಗಿ ನೆಲೆಸಿದ್ದರು. ಸುತ್ತಮುತ್ತ ಕಳ್ಳತನವಾಗಲಿ, ಕೊಲೆಯಾಗಲಿ, ಇನ್ಸ್‌ಪೆಕ್ಟರು ತಲೆ ಕೆರೆದುಕೊಳ್ಳುತ್ತ ಹತ್ತುತ್ತಿದ್ದದ್ದು ಅದೇ ಮೆಟ್ಟಿಲು. ಆಗೆಲ್ಲ ವಕೀಲಮ್ಮನಿಗೆ ಕೈಕಾಲಾಗಿ ಓಡಾಡುತ್ತಿದ್ದವರು ಮ್ಯಾನೇಜರು.

"ನಿಮ್ಮ ತಮ್ಮ ಕೊಂದಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದರು ವಕೀಲಮ್ಮ.

"ಅವನು ನನ್ನ ತಮ್ಮ, ಅಮ್ಮ."

"ಅದು ಸಂಬಂಧ. ಉತ್ತರ ಅಲ್ಲ."

"ಸಂಜೆ ಅವನನ್ನ ದೊಡ್ಡ ಜೈಲಿಗೆ ಸಾಗಿಸ್ತಾರಂತೆ. ಈಗಷ್ಟೇ ಮನೆಯಿಂದ ನಮ್ಮಮ್ಮ ಫೋನ್ ಮಾಡಿದ್ರು, ಊಟಕ್ಕೆ ಇಬ್ರೂ ಬರ್ತೀರಲ್ಲ ಅಂತ. ಹೂಂ ಅಂದ್ಬಿಟ್ಟೆ."

"ಹಾಗಾದ್ರೆ ಏಳಿ," ಎಂದು ವಕೀಲಮ್ಮ ಚಪ್ಪಲಿ ಹುಡುಕಿದರು. "ಆದ್ರೆ ಒಂದು ಮಾತು. ನಾನು ಕೆದಕೋಕೆ ಶುರು ಮಾಡಿದ್ರೆ ಏನು ಸಿಗುತ್ತೋ ಅದನ್ನೇ ತೆಗೀತೀನಿ. ನಿಮಗೆ ಬೇಕಾದ್ದನ್ನ ಮಾತ್ರ ಅಲ್ಲ."

ಮ್ಯಾನೇಜರು ತಲೆಯಾಡಿಸಿದರು. ನೀರಲ್ಲಿ ಮುಳುಗುವವನು ಹಗ್ಗದ ಗುಣ ನೋಡುತ್ತಾನೆಯೇ.

ಟ್ಯಾಕ್ಸಿಯನ್ನು ಪೊಲೀಸರು ಲಾಡ್ಜಿನ ಅಂಗಳಕ್ಕೇ ತಂದು ನಿಲ್ಲಿಸಿದ್ದರು. ಸೀಟುಗಳಿಗೆಲ್ಲ ಹೊಸ ಕವರು, ಮೊನ್ನೆ ತಾನೇ ಹಾಕಿಸಿದ್ದು. ವಕೀಲಮ್ಮ ಮುಂದಿನ ಸೀಟನ್ನು ಒತ್ತಿ ನೋಡಿದರು. ಒದ್ದೆಯಾಗಿತ್ತು. ಬಗ್ಗಿ ಮೂಸಿದರು, ಸೋಪಿನ ವಾಸನೆ. ಹಿಂದಿನ ಸೀಟು ಒಣಗಿತ್ತು. ಮ್ಯಾನೇಜರ ತಮ್ಮ ಪೊಲೀಸರ ನಡುವೆ ತಲೆ ತಗ್ಗಿಸಿ ನಿಂತು ಹೇಳಿದ್ದನ್ನೇ ಹೇಳುತ್ತಿದ್ದ. "ಸಮುದ್ರ ನೋಡ್ಬೇಕು, ಇಳಿಸಪ್ಪ ಅಂದ್ರು. ನೀನು ಹೋಗು, ನಾನು ಬರ್ತೀನಿ ಅಂದ್ರು. ಬಂದೆ." ಮೂರು ವರ್ಷದ ಮಗುವೂ ನಂಬದ ಮಾತು. ಅಣ್ಣನನ್ನು ಮಾತ್ರ ಅವನು ಕಣ್ಣೆತ್ತಿ ನೋಡಲಿಲ್ಲ.

ಲಾಡ್ಜಿನ ಹಾಲಿನಲ್ಲಿ ಸತ್ತವಳ ಮಗ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನಿಗೂ ಹೆಂಡತಿಗೂ ವರ್ಷದಿಂದ ಮಾತಿಲ್ಲ. ರಾಜಿ ಮಾಡಿಕೊಳ್ಳಲೆಂದೇ ಈ ಪ್ರವಾಸ. ಹೆಂಡತಿ ಹಿಂದಿನ ದಿನವೇ ಬಂದಿದ್ದಳು. ಮಹಡಿಯ ಕೋಣೆ ಬೇಡ, ನೆಲಮಟ್ಟದ್ದೇ ಆಗಬೇಕೆಂದು ಮ್ಯಾನೇಜರ ಹತ್ತಿರ ಹಟ ಹಿಡಿದು ಕೋಣೆ ಬದಲಾಯಿಸಿಕೊಂಡಿದ್ದಳು. ಈಗ ಕಿಟಕಿಯ ಹತ್ತಿರ ಸೆಟೆದು ನಿಂತಿದ್ದಳು, ಕಣ್ಣಲ್ಲಿ ಒಂದು ಹನಿಯಿಲ್ಲ. ಕಲ್ಲುಗುಂಡಿಗೆ ಇವಳದು ಎಂದುಕೊಂಡರು ಮ್ಯಾನೇಜರು.

"ನೀವು ತಾಯಿ ಜೊತೆ ಯಾಕೆ ಬರ್ಲಿಲ್ಲ?" ವಕೀಲಮ್ಮ ಕೇಳಿದರು.

"ಆ ತಿರುವುಗಳು ನನಗಾಗಲ್ಲ ಮೇಡಂ. ಅಮ್ಮನಿಗೆ ನೀರು ಕಂಡ್ರೆ ಭಯ. ಅದಕ್ಕೇ ಅವರನ್ನ ಟ್ಯಾಕ್ಸಿಗೆ ಹತ್ತಿಸಿ ನಾನು ದೋಣಿ ಹಿಡಿದೆ." ಅವನು ಕಣ್ಣೊರೆಸಿಕೊಂಡ. "ಹೊಟ್ಟೆ ತೊಳೆಸದ ಹಾಗೆ ಮಾತ್ರೆ ಕೊಟ್ಟಿದ್ದೆ. ನನ್ನ ಕೈಯಾರೆ ನುಂಗಿಸಿದ್ದೆ. ಮುಂದಿನ ಸೀಟಲ್ಲಿ ಕೂರ್ಸಿ ಬಾಗಿಲು ಹಾಕಿದ್ದೂ ನಾನೇ. ಆ ಪಾಪಿ ನಡುದಾರೀಲಿ ಬಿಟ್ಟುಬಂದ. ಬಾಯಿ ಮುಕ್ಕಳಿಸೋಕೂ ಒಂದು ಹನಿ ನೀರಿಲ್ದೆ ಆ ಬಿಸಿಲಲ್ಲಿ..." ಮುಂದಿನದು ಅಳುವಿನಲ್ಲಿ ಮುಳುಗಿತು.

ವಕೀಲಮ್ಮ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ಬಂದವರೇ ಮ್ಯಾನೇಜರನ್ನು ಕೇಳಿದರು, "ನೆಲ ಯಾವಾಗ ಒರೆಸಿದ್ದು?"

ಮ್ಯಾನೇಜರಿಗೆ ರೇಗಿತು. ತಮ್ಮನ ಕುತ್ತಿಗೆಗೆ ಬಂದಿದೆ, ಈಯಮ್ಮನಿಗೆ ನೆಲದ ಚಿಂತೆ. "ಇವರು ಬರೋಕೆ ಸ್ವಲ್ಪ ಮೊದ್ಲು. ಕೆಂಪು ಧೂಳು ಮೆತ್ತಿ ಹಾಳು ಮಾಡಿದ್ರು."

"ಬೈದ್ರಾ?"

"ಇಲ್ಲ. ಪಾಪ, ತಾಯಿ ಕಾಣ್ತಿಲ್ಲ ಅಂತ ಒದ್ದಾಡ್ತಿದ್ರು."

"ಒಳ್ಳೇತನಕ್ಕೂ ಒಂದು ಹೊತ್ತು ಗೊತ್ತು ಬೇಕು ಮ್ಯಾನೇಜರೇ," ಎಂದು ವಕೀಲಮ್ಮ ನಿಟ್ಟುಸಿರು ಬಿಟ್ಟರು. "ಎಲ್ಲರನ್ನೂ ಇಲ್ಲೇ ಕರೀರಿ. ನಿಮ್ಮ ತಮ್ಮನನ್ನೂ."

ಹೊತ್ತು ಮುಳುಗುತ್ತಿತ್ತು. ಇನ್ಸ್‌ಪೆಕ್ಟರು, ಮಗ, ಸೊಸೆ, ಕೈಗೆ ಬೇಡಿ ಬಿದ್ದ ತಮ್ಮ, ಎಲ್ಲರೂ ಹಾಲಿನಲ್ಲಿ ಸೇರಿದರು. ವಕೀಲಮ್ಮ ನೇರ ತಮ್ಮನ ಮುಂದೆ ಹೋಗಿ ನಿಂತರು.

"ಮೊದಲು ನಿನ್ನ ಸುಳ್ಳು. ನಿನ್ನ ರೂಲು ಇಡೀ ಸ್ಟ್ಯಾಂಡಿಗೇ ಗೊತ್ತು. ಹೊಸ ಸೀಟಿನ ಮೇಲೆ ವಾಂತಿ ಮಾಡಿದವರನ್ನ ಅಲ್ಲೇ ಇಳಿಸ್ತೀನಿ ಅಂತ ಕೂಗಾಡ್ತೀಯಂತೆ. ಎಲ್ಲರೂ ತಮಾಷೆ ಅಂದ್ಕೊಂಡಿದ್ರು. ಮುಂದಿನ ಸೀಟು ಯಾಕೆ ತೊಳೆದೆ?"

ಬೇಡಿಯ ಕೈಗಳನ್ನೇ ಜೋಡಿಸಿದ ತಮ್ಮ. "ಪರ್ಮಿಟ್ ಹೋಗುತ್ತೆ ಅಂತ ಹೇಳ್ಲಿಲ್ಲ ಮೇಡಂ. ಇಳಿಸಿದ್ದು ನಿಜ. ಕೊಂದಿಲ್ಲ."

"ಕೊಂದಿಲ್ಲ. ಈಗ ನಿಮ್ಮ ಸರದಿ," ಎಂದು ವಕೀಲಮ್ಮ ಮಗನ ಕಡೆ ತಿರುಗಿದರು. "ಸಮುದ್ರ ನೋಡೋಕೆ ಇಳಿದ್ರು ಅಂತ ಇವನು ಹೇಳಿದ್ದನ್ನ ಬಿಟ್ರೆ ಯಾರಿಗೂ ಬೇರೇನೂ ಗೊತ್ತಿರಲಿಲ್ಲ. ಮಾತ್ರೆ ನುಂಗಿಸಿದ್ದೆ ಅಂತೀರಿ. ನಿಮ್ಮ ಲೆಕ್ಕದಲ್ಲಿ ವಾಂತಿಯೇ ಆಗದ ತಾಯಿಗೆ ಬಾಯಿ ಮುಕ್ಕಳಿಸೋಕೆ ನೀರು ಯಾಕೆ ಬೇಕಿತ್ತು?"

"ದುಃಖದಲ್ಲಿ ಏನೋ ಅಂದೆ. ನಾನು ದೋಣೀಲಿದ್ದೆ."

"ವಿಮಾನ ನಿಲ್ದಾಣದ ಕಡೆ ದೋಣಿಗೆ ಚಂದದ ಕಟ್ಟೆ ಇದೆ, ಮೆಟ್ಟಿಲಿದೆ. ಅದನ್ನ ನೋಡಿ ಈ ಕಡೆನೂ ಹಾಗೇ ಇರುತ್ತೆ ಅಂದ್ಕೊಂಡ್ರಿ. ಇಲ್ಲಿ ಕಟ್ಟೆ ಇಲ್ಲ. ರಾಜನಾದ್ರೂ ಪ್ಯಾಂಟು ಮಡಚಿ ಮೊಣಕಾಲು ನೀರಿಗೆ ಇಳೀಬೇಕು. ಇವರ ನೆಲದ ಮೇಲೆ ಬಿದ್ದಿದ್ದು ಒಣ ಬೂಟಿನ ಕೆಂಪು ಧೂಳು, ಒದ್ದೆ ಮರಳಲ್ಲ. ಆ ಕೆಂಪು ಮಣ್ಣು ಇರೋದು ತಿರುವಿನ ಪಕ್ಕದಲ್ಲಿ. ನಿಲ್ದಾಣದಲ್ಲಿ ಸ್ಕೂಟರ್ ಬಾಡಿಗೆ ಕೊಡೋವನನ್ನ ಕರೆಸಿದ್ದೀನಿ, ಹೊರಗಿದ್ದಾನೆ. ನಿಮ್ಮ ಗುರುತು ಹಿಡಿದಿದ್ದಾನೆ."

ಮಗ ಬಾಗಿಲ ಕಡೆ ನೋಡಿದ. ವಕೀಲಮ್ಮ ಬಿಡಲಿಲ್ಲ. "ಅಷ್ಟು ಟ್ಯಾಕ್ಸಿಗಳಲ್ಲಿ ಇವನ ಕೂಗಾಟ ಕೇಳಿ ಇವನದನ್ನೇ ಆರಿಸಿದ್ರಿ. ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿ, ಮಾತ್ರೆ ಕೊಡದೆ, ತಿರುವುಗಳ ರಸ್ತೆಗೆ ಕಳಿಸಿ, ಹಿಂದೆ ಸ್ಕೂಟರಲ್ಲಿ ಬಂದ್ರಿ. ಇವನು ಇಳಿಸಿದ, ನೀವು ತಳ್ಳಿದ್ರಿ."

"ಸ್ಕೂಟರು ನೋಡ್ದೆ," ಎಂದ ತಮ್ಮ ಇದ್ದಕ್ಕಿದ್ದಂತೆ. "ಹೊರಟ ಮೇಲೆ ಕನ್ನಡೀಲಿ ಕಂಡಿತು. ಹೆಲ್ಮೆಟ್ ಹಾಕಿದವರು ಯಾರೋ ಬಂದು ನಿಂತ್ರು. ಅಜ್ಜಿ ಮುಖ ಅರಳ್ತು. ಎರಡೂ ಕೈ ಚಾಚಿದ್ರು. ಸದ್ಯ, ನನಗೆ ಪೀಡೆ ಕಳೀತು ಅಂದ್ಕೊಂಡು ಬಂದ್ಬಿಟ್ಟೆ."

"ಹೆಲ್ಮೆಟ್ಟಿನೊಳಗಿದ್ರೂ ಮಗನ ಗುರುತು ತಾಯಿಗೆ ಸಿಗುತ್ತೆ," ಎಂದರು ವಕೀಲಮ್ಮ. "ಗುರುತಿಲ್ಲದವನನ್ನ ಕಂಡು ಯಾರೂ ಹಾಗೆ ಕೈ ಚಾಚಲ್ಲ."

ಮಗ ಹೆಂಡತಿಯ ಕಡೆ ತಿರುಗಿ ಅರಚಿದ. "ನೀನೇ ಅಂದಿದ್ದೆ. ನಿಮ್ಮಮ್ಮ ಇರೋವರೆಗೂ ಆ ಮನೆಗೆ ಕಾಲಿಡಲ್ಲ ಅಂತ. ನಿನಗೋಸ್ಕರ ಮಾಡ್ದೆ."

ಸೊಸೆ ಮೊದಲ ಸಲ ಕಿಟಕಿಯಿಂದ ಈಚೆ ಬಂದಳು. "ಸಿಟ್ಟಲ್ಲಿ ಅಂದಿದ್ದೆ. ವರ್ಷದ ಹಿಂದೆ. ಅವರ ಮಂಡಿಗೆ ಮೆಟ್ಟಿಲು ಆಗಲ್ಲ ಅಂತ ನಿನ್ನೆ ಈ ಮ್ಯಾನೇಜರ ಕಾಲು ಹಿಡಿದು ಕೆಳಗಿನ ಕೋಣೆ ತಗೊಂಡೆ. ಅತ್ತೆ ಕಾಲಿಗೆ ಬಿದ್ದು ಮನೆಗೆ ವಾಪಸ್ ಬರೋಣ ಅಂತ ಕೂತಿದ್ದೆ." ಅವಳು ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಇನ್ನು ಯಾರ ಮನೆಗೆ ಬರಲಿ?"

ತಮ್ಮನ ಕೈಬೇಡಿ ಬಿಚ್ಚಿ ಮಗನಿಗೆ ತೊಡಿಸಿದರು. ಮ್ಯಾನೇಜರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅಂಗಳದವರೆಗೂ ತಮ್ಮನ ತೋಳು ಹಿಡಿದೇ ನಡೆದರು. ಕಾರಿನ ಬಾಗಿಲು ತೆಗೆದು, ಅಂಗೈಯಿಂದ ಸೀಟು ಸವರಿ ನೋಡಿದ ತಮ್ಮ.

"ಒಣಗಿದೆ, ಕಲೆ ಉಳಿದಿಲ್ಲ," ಎಂದ. "ಹತ್ತು ಅಣ್ಣ, ಅಮ್ಮ ಕಾಯ್ತಿರ್ತಾಳೆ."

ಮ್ಯಾನೇಜರು ಹತ್ತಲಿಲ್ಲ. "ಆ ಅಜ್ಜಿ ತಾನಾಗೇ ಇಳಿದ್ಲಾ?"

ತಮ್ಮ ಬೇರೆಲ್ಲೋ ನೋಡಿದ. "ಬಾಗಿಲು ಬಿಡ್ಲಿಲ್ಲ. ಬೆರಳು ಒಂದೊಂದೇ ಬಿಡಿಸ್ಬೇಕಾಯ್ತು. ಈಗ ಅದ್ಯಾಕಣ್ಣ? ಅಮ್ಮನ ಹತ್ರ ಹೇಳ್ಬೇಡ."

ಒಳಗೆ ಮ್ಯಾನೇಜರ ಫೋನು ಮತ್ತೆ ರಿಂಗಾಗುತ್ತಿತ್ತು. ಅಮ್ಮನೇ ಇರಬೇಕು.

"ನೀನು ಹೋಗು," ಎಂದರು ಮ್ಯಾನೇಜರು. "ನಾನು ನಡ್ಕೊಂಡು ಬರ್ತೀನಿ."