ಮೀಸೆ ಮೀನಿನ ಕೆಳಗೊಂದು ಚುಕ್ಕೆ

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 9.40ಕ್ಕೆ ಝ್ರೆನ್ಯಾನಿನ್ ಪಟ್ಟಣದ ಪೊಲೀಸ್ ಠಾಣೆಗೆ ಬಂದ ದೂರುದಾರನ ಹೆಸರು ವುಕಾಶಿನ್ ಪಾವ್ಕೊವ್. ವಯಸ್ಸು ನಲವತ್ತೊಂದು. ವೃತ್ತಿ ಎಂಬಲ್ಲಿ ಅವನೇ ಬರೆದದ್ದು 'ಸ್ವತಂತ್ರ ಕಲಾವಿದ'. ಆ ಎರಡು ಪದ ಓದಿದ್ದೇ ಇನ್‌ಸ್ಪೆಕ್ಟರ್ ತಾದಿಯಾ ಸ್ತಾಯಿಚ್‌ಗೆ ಎದೆಯುರಿ ಶುರುವಾಯಿತು.

ವುಕಾಶಿನ್ 'ಕುಡಿಯಬಾರದ ನೀರು' ಎಂಬ ಬ್ಯಾಂಡಿನ ಹಾಡುಗಾರ. ಹನ್ನೊಂದು ವರ್ಷದಿಂದ ಆ ಬ್ಯಾಂಡು ಕಂಪನಿಗಳನ್ನು ಬೈಯುತ್ತ, ತನ್ನ ಟೀ ಶರ್ಟುಗಳಿಗೆ ತಾನೇ ಅಚ್ಚು ಹಾಕಿ, ಹಾಡಿದ ಕಡೆಯಲ್ಲೆಲ್ಲ ಮೇಜು ಹಾಕಿಕೊಂಡು ಮಾರುತ್ತ ಬಂದಿತ್ತು. ಶರ್ಟಿನ ಮೇಲೆ ನಲ್ಲಿ ಕಚ್ಚಿಕೊಂಡ ಮೀಸೆ ಮೀನಿನ ಚಿತ್ರ. ಈಗ ತನಗೆ ಗೊತ್ತಿಲ್ಲದಂತೆ ಯಾರೋ ಕದ್ದು ಅಚ್ಚು ಹಾಕಿದ ಅಂಥವೇ ಅರವತ್ತು ಶರ್ಟು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಕಾಲುಚೀಲಗಳ ಪಕ್ಕ ರಾಶಿ ಬಿದ್ದಿದ್ದವು ಎಂಬುದು ದೂರು.

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು ಸಾರ್, ಗೊತ್ತೇ ಇದೆ. ಗ್ರೊಜ್ದಾನಾ. ಅಚ್ಚಿನ ಕೋಣೇಲಿ ನನಗೆ ಕೈಜೋಡಿಸ್ತಿದ್ಲು."

"ಅಚ್ಚು ಹಾಕೋರು?"

"ನಾನೇ. ಒಂದೊಂದು ಶರ್ಟೂ ನನ್ನ ಕೈಯಿಂದಾನೇ. ವೇದಿಕೆ ಮೇಲೂ ಅದನ್ನೇ ಹೇಳ್ತೀನಿ."

"ಕೋಣೆ ಬೀಗದ ಕೈ?"

"ಎರಡಿವೆ. ಒಂದು ನನ್ನತ್ರ, ಒಂದು ಅವಳತ್ರ."

"ಬರ್ಕೊ ಲಾಜರ್," ಎಂದ ಸ್ತಾಯಿಚ್. "ಒಂದೊಂದು ಶರ್ಟೂ ಇವರ ಕೈಯಿಂದಾನೇ."

ಕಾನ್‌ಸ್ಟೇಬಲ್ ಲಾಜರ್ ಬರೆದುಕೊಂಡ. ಸ್ವತಂತ್ರ ಕಲಾವಿದ ಸಹಿ ಹಾಕಿ, ಸಹಿಯ ಕೆಳಗೊಂದು ಮೀನನ್ನೂ ಬಿಡಿಸಿದ. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಅಚ್ಚಿನ ಕೋಣೆ ಇದ್ದದ್ದು ಮುಚ್ಚಿದ ಚಪ್ಪಲಿ ರಿಪೇರಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಪೊಲೀಸರು 11.30ಕ್ಕೆ ಅಲ್ಲಿ ಇಳಿಯುವಷ್ಟರಲ್ಲಿ ವುಕಾಶಿನ್ ಇಂಟರ್ನೆಟ್ಟಿನಲ್ಲಿ ಗ್ರೊಜ್ದಾನಾಳನ್ನು ಕಳ್ಳಿ ಎಂದು ಸಾರಿಯಾಗಿತ್ತು. ಅವಳಿಂದ ಶರ್ಟು ಮಾಡಿಸುತ್ತಿದ್ದ ಬೇರೆ ನಾಲ್ಕು ಬ್ಯಾಂಡುಗಳು ಕೆಲಸ ವಾಪಸು ಪಡೆದಿದ್ದವು. ಗ್ರೊಜ್ದಾನಾ ಮೂವತ್ತೆಂಟರ ಹೆಂಗಸು, ಮೊಣಕೈವರೆಗೂ ಕಪ್ಪು ಶಾಯಿ.

"ನೀವು ಈ ಬ್ಯಾಂಡಿಗೆ ಏನಾಗ್ಬೇಕು?"

"ಅಚ್ಚು ಹಾಕ್ತೀನಿ. ಮಡಚ್ತೀನಿ. ಮೇಜಿನ ಹಿಂದೆ ನಿಂತು ಮಾರ್ತೀನಿ. ವ್ಯಾನ್ ಓಡ್ಸೋದೂ ನಾನೇ."

"ಅಚ್ಚು ಹಾಕೋದು ತಾನು ಅಂತಾನೆ ಅವನು."

"ಹನ್ನೊಂದು ವರ್ಷದಿಂದ ಅಂತಿದಾನೆ. ನಾನೂ ಸುಮ್ನಿದ್ದೆ."

ಸುಮ್ಮನಿರುವವರನ್ನು ಕಂಡರೂ ಸ್ತಾಯಿಚ್‌ಗೆ ಅಷ್ಟಕ್ಕಷ್ಟೆ. ವುಕಾಶಿನ್ ಸಂತೆಯಿಂದ ತಂದು ದೂರಿನ ಜೊತೆ ಕೊಟ್ಟಿದ್ದ ಶರ್ಟನ್ನು ಅವಳ ಮುಂದೆ ಹರಡಿದ. ಅವಳು ಹತ್ತು ಸೆಕೆಂಡು ನೋಡಿ, ಮೀನಿನ ಎಡಮೀಸೆಯ ಕೆಳಗೆ ಬೆರಳಿಟ್ಟಳು. ಅಲ್ಲಿ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ.

"ಇದು ನನ್ನ ಚೌಕಟ್ಟಿಂದಾನೇ ಬಿದ್ದಿರೋ ಅಚ್ಚು. ಆದ್ರೆ ಹಾಕಿದ್ದು ನಾನಲ್ಲ. ಚೌಕಟ್ಟಿಗೆ ಬಿಗಿದಿರೋ ಜಾಲರಿ ಬಟ್ಟೇಲಿ ಮೊದಲ್ನೇ ವರ್ಷದಿಂದ ಒಂದು ಸೂಜಿತೂತು ಇದೆ, ಶಾಯಿ ಸೋರುತ್ತೆ. ಪ್ರತಿ ಸಲ ಶುರು ಮಾಡೋಕೆ ಮುಂಚೆ ಹಿಂದಿಂದ ಒಂದು ಚೂರು ಟೇಪ್ ಅಂಟಿಸ್ತೀನಿ. ತೊಳೆಯೋವಾಗ ಕಿತ್ತು ಹೋಗುತ್ತೆ. ಮತ್ತೆ ಅಂಟಿಸ್ತೀನಿ."

"ಬೇಕಂತಲೇ ಅಂಟಿಸದೆ ಬಿಟ್ಟಿರಬಹುದಲ್ಲ ನೀವು?"

"ಬಿಟ್ಟಿರಬಹುದು. ಹಾಗೇ ಬರ್ಕೊಳಿ." ಲಾಜರ್ ಬಾಗಿಲಿಗೆ ಹಾಕಲು ಬೀಗ, ಸೀಲು ತೆಗೆಯುವುದನ್ನು ಕಂಡು ಕೇಳಿದಳು, "ಬೀಗ ಎಷ್ಟು ದಿನ?"

"ತನಿಖೆ ಮುಗಿಯೋವರೆಗೆ."

"ಅಷ್ಟೊತ್ತಿಗೆ ನನ್ನತ್ರ ಬರೋರು ಒಬ್ರೂ ಉಳಿದಿರಲ್ಲ."

12.20ಕ್ಕೆ ಕೋಣೆಗೆ ಸೀಲ್ ಹಾಕಲಾಯಿತು.

ಬುಧವಾರ ಬೆಳಿಗ್ಗೆ ಸಂತೆಯಲ್ಲಿ ಕಾಲುಚೀಲ ಮಾರುವ ಮುದುಕಿ ಎಮಿಲಿಯಾಳ ವಿಚಾರಣೆ.

"ಯಾರಜ್ಜಿ ಆ ಶರ್ಟು ಕೊಟ್ಟಿದ್ದು?"

"ಯಾವನೋ ಗಂಡಸು. ತಲೆಗೆ ಟೋಪಿ, ಮೂತಿಗೆ ಶಾಲು. ಎಷ್ಟು ಕೊಡ್ಲಪ್ಪಾ ಅಂದೆ. ಏನೂ ಬೇಡ, ಎಲ್ರಿಗೂ ಕಾಣೋ ಹಾಗಿಡಿ ಸಾಕು ಅಂದ. ಇಪ್ಪತ್ತು ವರ್ಷದಿಂದ ಸಂತೇಲಿ ಕೂತಿದೀನಿ, ಬೇಡ ಅಂದೋನು ಅವನೊಬ್ನೇ."

ಲಾಭ ಬೇಡದ, ಆದರೆ ನಾಲ್ಕು ಜನ ನೋಡಲೇಬೇಕು ಎನ್ನುವ ಕಳ್ಳ. ಇದು ವೇದಿಕೆಯ ಮೇಲೆ ಅಂಟಿಕೊಳ್ಳುವ ಕಾಯಿಲೆ ಎಂದು ಸ್ತಾಯಿಚ್‌ಗೆ ಅನ್ನಿಸಿತು. ಮರುದಿನ ಅಚ್ಚಿನ ಕೋಣೆಗೆ ಬರುವಂತೆ ದೂರುದಾರನಿಗೆ ಹೇಳಿಕಳಿಸಿದ.

ಗುರುವಾರ ಸಂಜೆ 4ಕ್ಕೆ ಸೀಲ್ ಒಡೆಯಲಾಯಿತು. ಪಂಚರಾಗಿ ಎದುರಿನ ಬೇಕರಿಯವನೂ ಬೀದಿಯ ಅಂಚೆಯವನೂ ಬಂದಿದ್ದರು. ಗ್ರೊಜ್ದಾನಾಳನ್ನು ಮೇಲೆ ಬೀದಿಯಲ್ಲೇ ನಿಲ್ಲಿಸಿದ್ದರು.

"ನಿಮ್ಮ ಹೇಳಿಕೆ ಖಚಿತ ಮಾಡ್ಕೋಬೇಕು. ಒಂದು ಶರ್ಟು ಹಾಕಿ ತೋರ್ಸಿ," ಎಂದ ಸ್ತಾಯಿಚ್.

ವುಕಾಶಿನ್ ಖುಷಿಯಿಂದ ತೋಳು ಮಡಚಿದ. ಫೋಟೋ ತೆಗೆಯಲು ಲಾಜರನ ಕೈಗೆ ಫೋನೂ ಕೊಟ್ಟ. ಶರ್ಟು ಹಾಸಿದ, ಚೌಕಟ್ಟು ಇಳಿಸಿದ, ಶಾಯಿ ಸುರಿದು ರಬ್ಬರ್ ಪಟ್ಟಿ ಎಳೆದ. ಕೆಲಸ ತೀರಾ ಕೆಟ್ಟದಾಗಿಯೇನೂ ಇರಲಿಲ್ಲ. ಚೌಕಟ್ಟು ಎತ್ತಿದಾಗ ಮೀನು ಬಂದಿತ್ತು, ನಲ್ಲಿ ಬಂದಿತ್ತು.

"ಮೀಸೆ ಕೆಳಗೆ ಏನೋ ಕೊಳೆ ಬಿದ್ದಿದೆ," ಎಂದ ಬೇಕರಿಯವನು.

ಗ್ರೊಜ್ದಾನಾಳನ್ನು ಕರೆಸಿ ಅದನ್ನೇ ಮಾಡಲು ಹೇಳಿದರು. ಅವಳು ಮೊದಲು ಶರ್ಟು ಮುಟ್ಟಲಿಲ್ಲ. ಟೇಪನ್ನು ಹಲ್ಲಿನಿಂದ ಹರಿದು, ಚೌಕಟ್ಟು ತಿರುವಿ, ನೋಡದೆಯೇ ಅಂಟಿಸಿದಳು. ಅವಳ ಶರ್ಟಿನಲ್ಲಿ ಚುಕ್ಕೆ ಇರಲಿಲ್ಲ.

"ಹನ್ನೊಂದು ವರ್ಷ ಅಚ್ಚು ಹಾಕಿದೀರಿ. ಈ ತೂತು ಗೊತ್ತಿಲ್ವಾ?"

"ಅದು... ಸಣ್ಣ ವಿಷಯ ಸಾರ್."

"ಆ ಸಣ್ಣ ವಿಷಯ ಇಲ್ದಿದ್ರೆ ಇವರನ್ನ ಒಳಗೆ ಹಾಕಿರ್ತಿದ್ದೆ."

ವುಕಾಶಿನ್‌ನ ಮನೆಯ ಶೋಧ ಶುರುವಾದದ್ದು 5.10ಕ್ಕೆ. ಅಲ್ಮೆರಾದಲ್ಲಿ, ವೇದಿಕೆಯ ಚರ್ಮದ ಕೋಟುಗಳ ಕೆಳಗೆ, ಏಳು ಶರ್ಟು ಸಿಕ್ಕವು. ಒಂದರಲ್ಲಿ ಮೀನಿಗೆ ಬಾಲವಿಲ್ಲ, ಒಂದರಲ್ಲಿ ಅಡ್ಡಬಿದ್ದಿದೆ, ಒಂದರಲ್ಲಿ ಬರೀ ಶಾಯಿ. ಎಲ್ಲಕ್ಕೂ ಇಸ್ತ್ರಿ ಮಾಡಿ, ಒಂದರಿಂದ ಏಳರವರೆಗೆ ಚೀಟಿ ಹಚ್ಚಿ ಮಡಚಿಡಲಾಗಿತ್ತು. ಲಾಜರ್ ನಕ್ಕುಬಿಟ್ಟ.

ವುಕಾಶಿನ್ ಮಂಚದ ಮೇಲೆ ಕೂತ. ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಳೆದ ಶರತ್ಕಾಲದಲ್ಲಿ ತಿಮಿಶೊವಾರಾದಲ್ಲಿ ಒಂದೂವರೆ ಗಂಟೆ ಹಾಡಿ, ಬೆವರು ಒರೆಸುತ್ತ ಅವನು ಮಾರಾಟದ ಮೇಜಿನ ಹತ್ತಿರ ಬಂದಿದ್ದ. ಅಲ್ಲೊಬ್ಬ ಹುಡುಗಿ ಶರ್ಟನ್ನು ಎದೆಗವಚಿಕೊಂಡು ಗ್ರೊಜ್ದಾನಾಳನ್ನು ಹೊಗಳುತ್ತಿದ್ದಳು. ಆಮೇಲೆ ಇವನ ಕಡೆ ತಿರುಗಿ, "ನೀವೂ ಇವರ ಹತ್ರಾನೇ ಕೆಲಸ ಮಾಡ್ತೀರಾ?" ಎಂದು ಕೇಳಿದಳು.

"ಅವಳು ಊರಲ್ಲಿಲ್ದ ಭಾನುವಾರಗಳಲ್ಲಿ ಹೋಗಿ ಕಲ್ತೆ," ಎಂದ. "ಅರವತ್ತು ಹಾಕ್ದೆ. ಸಂತೇಲಿ ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅವಳಿಲ್ದೇನೂ ನಡೆಯುತ್ತೆ ಅಂತಾಯ್ತು. ಕಳ್ಳಿ ಅನ್ನಿಸಿಕೊಂಡ್ರೆ ಅವಳೇ ದೂರ ಹೋಗ್ತಾಳೆ ಅಂತ..."

"ಅವಳಿಗೆ ಹತ್ತು ಸೆಕೆಂಡಿಗೆ ಗೊತ್ತಾಯ್ತು. ಎದ್ದೇಳು."

6.05ಕ್ಕೆ, ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಬಂಧನ. ಏಳರಲ್ಲೊಂದು ಶರ್ಟು ಹಾಕಿಕೊಂಡು ಬರಲೇ ಎಂದು ಕೇಳಿದ. ಅದು ಸಾಕ್ಷ್ಯ, ಕೋಟು ಹಾಕ್ಕೊ ಎಂದ ಸ್ತಾಯಿಚ್.

ಶುಕ್ರವಾರ ಬೆಳಿಗ್ಗೆ ವಸ್ತುಗಳನ್ನು ಗುರುತಿಸಲು ಗ್ರೊಜ್ದಾನಾ ಠಾಣೆಗೆ ಬಂದಳು. ಬಿಟ್ಟುಹೋದ ನಾಲ್ಕು ಬ್ಯಾಂಡುಗಳಲ್ಲಿ ಒಂದು ಮಾತ್ರ ವಾಪಸು ಬಂದಿತ್ತು. ಏಳೂ ಶರ್ಟನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಏಳನೇದು ಪರವಾಗಿಲ್ಲ," ಎಂದಳು. "ಕೇಳಿದ್ದಿದ್ರೆ ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡ್ತಿದ್ದೆ."

ಲಾಜರ್ ಪೆನ್ನು ನಿಲ್ಲಿಸಿದ. "ಇದನ್ನೂ ಬರೀಬೇಕಾ ಸಾರ್?"

"ಬರಿ," ಎಂದ ಸ್ತಾಯಿಚ್. "ಬರೆದು, ಒಳಗಿರೋನಿಗೆ ಓದಿ ಹೇಳು."